ಮುಯ್ಯಾಳಿನ ನೀರು

“ಬೋರ್ಡ್ ಮುಟ್ಟುದ್ರೆ ಕೈ ಕಡ್ದು ಕೆರೆಗೆಸೀತೀನಿ, ಬೋಳಿಮಗ್ನೆ. ಓದಕ್ ಬರಲ್ವಾ ನಿಂಗೆ? ಮಗಳನ್ನ ಎಮ್ಮೇ ಓದ್ಸಿದೀಯಲ್ಲ, ಕರಿ ಅವಳ್ನ, ಓದಿ ಯೋಳ್ಲಿ.”

ಪ್ರಸನ್ನ ಹೀಗೆ ಕೂಗಿದಾಗ ಅಪ್ಪ ಪಾಲಕ್ ಸೊಪ್ಪಿನ ಪಾತಿಯ ನಡುವೆ ನಿಂತಿದ್ದ. ಇಪ್ಪತ್ತೈದು ದಿನ ನೀರು ಕಟ್ಟಿ ಬೆಳೆಸಿದ ಸೊಪ್ಪಿನ ಮೇಲೆಯೇ ಎರಡು ಕಬ್ಬಿಣದ ಪೈಪು ಹೊಡೆದು ಹಸಿರು ತಗಡಿನ ಬೋರ್ಡು ನಿಲ್ಲಿಸಿದ್ದರು. ‘ಲಕ್ಷ್ಮಣಪ್ಪನವರ ಸಾವಯವ ತೋಟ. ವಿದೇಶಿ ರೈತ ಬಂಧುಗಳಿಗೆ ಸುಸ್ವಾಗತ.’ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

“ಓದಕ್ ಬತ್ತದೆ ಪ್ರಸನ್ನಪ್ಪ,” ಎಂದ ಅಪ್ಪ. “ಅದ್ಕೇ ಕೀಳ್ತಾ ಇರೋದು.”

ಅವನು ಬೋರ್ಡನ್ನು ಅಲ್ಲಾಡಿಸಿ ಕಿತ್ತು ಬದುವಿನ ಮೇಲೆ ಮಲಗಿಸಿದ. ಎಸೆಯಲಿಲ್ಲ. ಹಾಗೆ ಮಲಗಿಸಲು ಬಗ್ಗಿದವನು ಏಳುವ ಮೊದಲೇ ಪ್ರಸನ್ನ ಗುದ್ದಲಿಯ ಕಾವಿನಿಂದ ಹೊಡೆದ. ಮೊದಲ ಏಟು ಮೊಣಕೈಗೆ ಬಿತ್ತು. ಒಣಗಿದ ಹರಳು ಕಡ್ಡಿ ಮುರಿದ ಸದ್ದಾಯಿತು. ಎರಡನೆಯದು ಮಂಡಿಗೆ. ಮೂರನೆಯದು ಬಾಯಿಗೆ. ಆಮೇಲಿನವು ಎಲ್ಲೆಲ್ಲಿ ಬಿದ್ದವೋ ನನಗೆ ಗೊತ್ತಾಗಲಿಲ್ಲ. ನಾನು ಸೊಪ್ಪಿನ ಮೇಲೆ ಹಾರಿದ ರಕ್ತವನ್ನು ನೋಡುತ್ತಿದ್ದೆ.

ನಾವು ನಾಲ್ಕು ಜನ ಹೆಂಗಸರಿದ್ದೆವು. ಅವ್ವ, ಪಕ್ಕದ ಮನೆಯ ಮುದುಕವ್ವ, ಅವಳ ಸೊಸೆ ಮಂಜುಶ್ರೀ, ನಾನು. ಕೈಯಲ್ಲಿ ಕುಡುಗೋಲುಗಳಿದ್ದವು. ಅವ್ವ ಒಂದು ಹೆಜ್ಜೆ ಮುಂದಿಟ್ಟಳು. ಪ್ರಸನ್ನ ಕಾವಿನ ತುದಿಯನ್ನು ಅಪ್ಪನ ಗಂಟಲ ಗುಳಿಗೆ ಊರಿದ. “ಇನ್ನೊಂದೆಜ್ಜೆ ಇಡಮ್ಮಿ. ಇಡು ನೋಡನ.” ಅವ್ವ ಇಡಲಿಲ್ಲ. ನಮ್ಮಲ್ಲಿ ಯಾರೂ ಕಿರುಚಲಿಲ್ಲ. ರಸ್ತೆಯಾಚೆ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಯಾರೋ ಒಬ್ಬರು ಬಟ್ಟೆ ಹರವುತ್ತಿದ್ದರು. ಒಂದು ಗಳಿಗೆ ಇತ್ತ ನೋಡಿ ಒಳಗೆ ಹೋದರು.

ಆಗ ಲಕ್ಷ್ಮಣಪ್ಪ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಹಸಿರು ಶಾಲು. ಪೂರ್ವ ಭಾಗದ ರೈತರ ಒಕ್ಕೂಟಕ್ಕೆ ಅವನೇ ಅಧ್ಯಕ್ಷ. ನೆಲದ ಮೇಲೆ ಬಿದ್ದಿದ್ದ ಅಪ್ಪನನ್ನು ನೋಡಿ ಮಗನಿಗೆ ಬೈದ.

“ಬೆಳಿಗ್ಗೇನೇ ಬೇಕಿತ್ತೇನೋ ಇದು? ಗಂಟೆ ಎಂಟಾಯ್ತು. ಒಂಬತ್ತೂವರೆಗೆ ಫಾರಿನ್ನೋರು ಬತ್ತಾರೆ. ಸಾಯಂಕಾಲ ಮಾಡ್ಬೌದಿತ್ತಲ್ಲ.”

“ಬೋರ್ಡ್ ಕಿತ್ತಾಕ್ದ ಕಣಪ್ಪ.”

“ಎತ್ತಿ ಮೋಟ್ರು ಮನೆಗಾಕು. ಬೀಗ ಜಡಿ. ಬೋರ್ಡು ತಿರ್ಗಾ ನಿಲ್ಸು.” ಆಮೇಲೆ ಅವ್ವನ ಕಡೆ ತಿರುಗಿದ. “ಸೊಣ್ಣಮ್ಮ, ಆ ರಕ್ತದ್ ಮ್ಯಾಕೆ ಒಂದ್ ಬಾಂಡ್ಲಿ ಕೆಮ್ಮಣ್ಣು ಉಯ್ಯಿ.”

ಹೊಸಕೋಟೆ ಕಡೆಯಿಂದ ಒಂದು ಟಿಪ್ಪರ್ ಕೆಮ್ಮಣ್ಣು ತಂದು ಸುರಿಸಿದ್ದ. ನಮ್ಮ ಮಣ್ಣು ಕಪ್ಪು. ಕೆರೆಯ ನೊರೆ, ಕಾರ್ಖಾನೆಗಳ ಎಣ್ಣೆ, ಅಪಾರ್ಟ್‌ಮೆಂಟುಗಳ ಕಕ್ಕಸು ಎಲ್ಲವನ್ನೂ ಕುಡಿದು ಕಪ್ಪಾದದ್ದು. ನಾರುತ್ತದೆ. ಸಾವಯವ ಎಂದು ಯಾರೂ ನಂಬುವುದಿಲ್ಲ. ಹಾಗಾಗಿ ಪಾತಿಗಳ ನಡುವಿನ ದಾರಿಗೆಲ್ಲ ಕೆಮ್ಮಣ್ಣು ಹರಡುವ ಕೆಲಸ ನಮ್ಮದಾಗಿತ್ತು. ಅವ್ವ ಬಾಂಡಲಿ ತುಂಬಿಕೊಂಡು ಬಂದು ಗಂಡನ ರಕ್ತದ ಮೇಲೆ ಸುರಿದಳು. ಕೈಯಿಂದಲೇ ಸಮ ಮಾಡಿದಳು.

ಮೋಟಾರ್ ಮನೆ ಎಂದರೆ ಬದುವಿನ ಕೊನೆಯಲ್ಲಿರುವ ಒಂದು ಸಣ್ಣ ಇಟ್ಟಿಗೆಯ ಗೂಡು. ಕಾಲುವೆಯ ನೀರು ಎತ್ತುವ ಪಂಪು, ಎರಡು ಗೋಣಿಚೀಲ, ನಾವು ಮನೆಯಿಂದ ತಂದಿಡುವ ಕುಡಿಯುವ ನೀರಿನ ಮಡಕೆ, ಅಷ್ಟಕ್ಕೇ ಅದು ತುಂಬಿಹೋಗುತ್ತದೆ. ಅಪ್ಪನನ್ನು ಅದರೊಳಗೆ ನೂಕಿದರು. ಅವನು ನರಳುವುದು ಹೊರಗೆ ಕೇಳುತ್ತಿತ್ತು. ಪ್ರಸನ್ನ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಬಾಗಿಲೊಳಗೆ ಕೈ ತೂರಿಸಿ ಮೋಟಾರು ಹಾಕಿ ಬೀಗ ಜಡಿದ. ಆಮೇಲೆ ಕೇಳಲಿಲ್ಲ.

ಲಕ್ಷ್ಮಣಪ್ಪ ನನ್ನ ಹತ್ತಿರ ಬಂದು ಕತ್ತಿಗೆ ಹಸಿರು ಶಾಲು ಹಾಕಿದ. ಗಂಟು ಬಿಗಿ ಮಾಡಿದ.

“ವೇಣಿ, ನೀನು ಓದಿರೋಳು. ಅವ್ರು ಇಂಗ್ಲಿಷ್ನಾಗೆ ಕೇಳಿದ್ದನ್ನ ನಂಗೇಳು, ನಾನ್ ಯೋಳಿದ್ದನ್ನ ಅವ್ರಿಗೇಳು. ಸ್ವಂತದ್ದು ಒಂದ್ ಮಾತು ಸೇರಿಸ್ಬೇಡ. ಅಪ್ಪ ಬೇಕಲ್ಲ?”

ನಾನು ತಲೆಯಾಡಿಸಿದೆ.

*

ವರ್ತೂರು ಕೆರೆಯ ಕೋಡಿಯ ಕೆಳಗಿನ ಈ ಇಪ್ಪತ್ತೆರಡು ಗುಂಟೆ ನಮ್ಮ ತಾತನಿಗೆ ನೀರಗಂಟಿ ಇನಾಮ್ತಿಯಾಗಿ ಬಂದದ್ದು. ತೂಬು ಎತ್ತುವುದು, ಇಳಿಸುವುದು, ಊರಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸವಾಗಿತ್ತು. ಊರಿಗೆಲ್ಲ ನೀರು ಕೊಟ್ಟವನ ಮನೆಯ ನೀರನ್ನು ಊರಿನವರು ಯಾರೂ ಕುಡಿಯುತ್ತಿರಲಿಲ್ಲ. ನಿಮ್ಮ ಗುಡಿಸಲು ಸೋರುತ್ತದೆ, ಕಾಗದ ನಮ್ಮ ಪೆಟ್ಟಿಗೆಯಲ್ಲಿರಲಿ ಎಂದು ಲಕ್ಷ್ಮಣಪ್ಪನ ಅಪ್ಪ ಇನಾಮ್ತಿ ಪತ್ರ ತೆಗೆದುಕೊಂಡು ಹೋದ. ಮೂವತ್ತು ವರ್ಷದ ಮೇಲೆ ಆ ಪೆಟ್ಟಿಗೆಯಿಂದ ಹೊರಬಂದ ಕಾಗದದಲ್ಲಿ ಬೇರೆ ಹೆಸರಿತ್ತು. ಆದರೆ ನೆಲದಿಂದ ನಾವು ಎದ್ದಿರಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಕೇಸು ಹಾಕಿದ್ದ. ಮುಂದಿನ ವಾರ ವಿಚಾರಣೆ. ಅಲ್ಲಿ ಕೇಳುವುದು ಒಂದೇ ಪ್ರಶ್ನೆ: ಈಗ ಸಾಗುವಳಿ ಮಾಡುತ್ತಿರುವವರು ಯಾರು?

ಆ ಪ್ರಶ್ನೆಗೆ ಉತ್ತರವಾಗಿ ಈ ಬೋರ್ಡು, ಈ ಶಾಲುಗಳು, ಈ ಅತಿಥಿಗಳು. ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ಏಳು ದೇಶಗಳ ರೈತರ, ಕೂಲಿಕಾರರ ಸಂಘಟನೆಗಳ ಸಮಾವೇಶ ನಡೆಯುತ್ತಿತ್ತು. ಮೂರನೇ ದಿನ ಹಳ್ಳಿಯ ಭೇಟಿ. ವಿದೇಶದವರ ಜೊತೆ ಇಲ್ಲಿ ನಿಂತು ತೆಗೆಸಿಕೊಂಡ ಫೋಟೊಗಳು ಲಕ್ಷ್ಮಣಪ್ಪನ ಕಡತ ಸೇರುತ್ತವೆ. ಬೋರ್ಡು ಅವನದು, ತೋಟ ಅವನದು, ನಾವು ಕೂಲಿಗಳು. ಫೋಟೊ ಮುಗಿದ ಕೂಡಲೇ ಕಾಂಪೌಂಡಿಗೆ ಪಾಯ ತೋಡಲು ಜೆಸಿಬಿ ಕೂಡ ಬಂದು ರಸ್ತೆಯಂಚಿನಲ್ಲಿ ಕಾಯುತ್ತಿತ್ತು. ಅದರ ಡ್ರೈವರ್ ರುದ್ರೇಶ ಕಾಲು ಹೊರಗೆ ಚಾಚಿ ನಿದ್ದೆ ಹೋಗಿದ್ದ.

ದುಭಾಷಿಯ ಕೆಲಸಕ್ಕೆ ನನ್ನನ್ನು ಕರೆದದ್ದು ಸಮಾವೇಶದ ಸೌಮ್ಯಾ ಮೇಡಂ. ನಾಲ್ಕು ದಿನದ ಹಿಂದೆ ಬಂದು ಮಾತಾಡಿಸಿದ್ದರು. ದಾವಣಗೆರೆಯವರು, ರಸ್ತೆಯಾಚೆಯ ಅದೇ ಅಪಾರ್ಟ್‌ಮೆಂಟಿನಲ್ಲಿ ಮನೆ. ‘ರೂಟ್ಸ್‌ನಿಂದ ಬಂದಿರೋ ವಾಯ್ಸ್ ಬೇಕ್ರಿ ನಮಗ’ ಎಂದಿದ್ದರು. ಲಕ್ಷ್ಮಣಪ್ಪ ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೇ ಸುಮ್ಮನಿದ್ದ.

ಒಂಬತ್ತೂವರೆಗೆ ಟೆಂಪೊ ಟ್ರಾವೆಲರ್ ಬಂತು. ಐದು ಜನ ಅತಿಥಿಗಳು ಇಳಿದರು. ಒಕ್ಕೂಟದ ಹತ್ತು ಹನ್ನೆರಡು ಜನ ಹಿರಿಯ ರೈತರು ಬೈಕುಗಳಲ್ಲಿ ಬಂದರು. ಮಾಲೆ ಹಾಕಿದರು. ಲಕ್ಷ್ಮಣಪ್ಪ ಅವ್ವನನ್ನು ಮುಂದಕ್ಕೆಳೆದು ಭುಜದ ಮೇಲೆ ಕೈಯಿಟ್ಟು ನಿಂತ.

“ಇವ್ಳು ನಮ್ ಮನೆ ಆಳು ಸೊಣ್ಣಮ್ಮ. ಇವ್ಳ ಮಗಳನ್ನ ನಾನೇ ಓದ್ಸಿದ್ದು ಅನ್ನು.”

ನಾನು ಹಾಗೇ ಹೇಳಿದೆ. ಅತಿಥಿಗಳು ಚಪ್ಪಾಳೆ ತಟ್ಟಿದರು. ಅವನ ಕೈ ಭುಜದ ಮೇಲಿದ್ದಷ್ಟು ಹೊತ್ತೂ ಅವ್ವ ಮೋಟಾರ್ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲಿಗೆ ಬೆನ್ನು ಕೊಟ್ಟು ಪ್ರಸನ್ನ ಸಿಗರೇಟು ಸೇದುತ್ತಿದ್ದ. ಮೋಟಾರು ಗುಂಯ್ ಎನ್ನುತ್ತಿತ್ತು. ಯಾರೂ ಕೇಳದಿದ್ದರೂ ಕಪ್ಪು ನೀರು ಕಾಲುವೆಯಿಂದ ಏರಿ ಪಾತಿಗಳಿಗೆ ಹರಿಯುತ್ತಿತ್ತು.

“ಇವ್ರ ಯಜಮಾನ್ರು ಎಲ್ಲಿ? ಈರಪ್ಪ ಅಂತ ಇದ್ರಲ್ಲ, ಅವತ್ತು ಮಾತಾಡ್ಸಿದ್ನಿ,” ಎಂದು ಸೌಮ್ಯಾ ಮೇಡಂ ಕೇಳಿದರು.

“ಕುಡ್ದು ಬಿದ್ದವ್ನೆ ಮೇಡಂ,” ಎಂದ ಲಕ್ಷ್ಮಣಪ್ಪ. “ಇವ್ರ ಜನ ಗೊತ್ತಲ್ಲ ನಿಮ್ಗೆ.”

ಅವರು ನನ್ನ ಮುಖ ನೋಡಿದರು. ನಾನು ಶಾಲಿನ ಗಂಟನ್ನು ಸರಿಮಾಡಿಕೊಂಡೆ. ಅಪ್ಪ ಒಂದು ಹನಿ ಕುಡಿಯುವವನಲ್ಲ. ಅವರು ಕೈಯಲ್ಲಿದ್ದ ಪಟ್ಟಿ ನೋಡಿ, “ಹನ್ನೊಂದಕ್ಕ ಹೊರಡಬೇಕ್ರಿ,” ಎಂದರು.

*

ಅತಿಥಿಗಳಲ್ಲಿ ಒಬ್ಬ ಹೆಂಗಸಿದ್ದಳು. ನೆನಿತಾ ಎಂದು ಹೆಸರು. ಫಿಲಿಪ್ಪೀನ್ಸಿನವಳು, ಕಬ್ಬು ಕಡಿಯುವ ಕೂಲಿಗಳ ಸಂಘದವಳು. ಕುಳ್ಳಗೆ, ಕಪ್ಪಗೆ, ಅವ್ವನ ವಯಸ್ಸು. ಎಡ ಮುಂಗೈಯಲ್ಲಿ ಹಳೆಯ ಕತ್ತಿಯೇಟಿನ ಗುರುತು. ಉಳಿದವರು ಬೋರ್ಡು ನೋಡುತ್ತಿದ್ದಾಗ ಅವಳು ನೆಲ ನೋಡುತ್ತಿದ್ದಳು. ಕಾಲಿನ ಹೆಬ್ಬೆರಳಿನಿಂದ ಕೆಮ್ಮಣ್ಣನ್ನು ಸ್ವಲ್ಪ ಸರಿಸಿ ಕೆಳಗಿನ ಕಪ್ಪನ್ನು ನೋಡಿ ಮತ್ತೆ ಮುಚ್ಚಿದಳು.

ಲಕ್ಷ್ಮಣಪ್ಪನಿಗೆ ಫೋಟೊ ಬೇಕಿತ್ತು. “ಫಾರಿನ್ನಮ್ಮ ಒಂದ್ ಕಟ್ಟು ಸೊಪ್ಪು ಕೊಯ್ಲಿ. ಕುಡ್ಲು ಕೊಡಮ್ಮಿ,” ಎಂದ.

ಅವ್ವ ಕುಡುಗೋಲು ಕೊಟ್ಟಳು. ನೆನಿತಾ ಚಪ್ಪಲಿ ಬಿಟ್ಟು ಪಾತಿಗೆ ಇಳಿದು ಕುಕ್ಕರುಗಾಲಿನಲ್ಲಿ ಕೂತಳು. ಎಡಗೈಯಲ್ಲಿ ಹಿಡಿ ತುಂಬ ಪಾಲಕ್ ಹಿಡಿದು ಬುಡಕ್ಕೆ ಕುಡುಗೋಲು ಹಾಕಿದಳು. ಫೋಟೊ ತೆಗೆದರು. ಸಾಕು ಎಂದರು. ಅವಳು ಏಳಲಿಲ್ಲ. ಸಾಲು ಹಿಡಿದು ಮುಂದೆ ಸರಿದಳು. ಉಳಿದ ಅತಿಥಿಗಳನ್ನು ಲಕ್ಷ್ಮಣಪ್ಪ ಗೊಬ್ಬರದ ಗುಂಡಿ ತೋರಿಸಲು ಆಚೆ ಬದುವಿಗೆ ಕರೆದುಕೊಂಡು ಹೋದ. ನೆನಿತಾ ಕೊಯ್ಯುತ್ತಲೇ ಇದ್ದಳು. ಅವ್ವ ಅವಳ ಪಕ್ಕಕ್ಕೆ ಕೂತು ಬಾಳೆನಾರಿನಿಂದ ಕಟ್ಟು ಕಟ್ಟತೊಡಗಿದಳು. ಅವ್ವ ಹೇಳಿಕೊಡಲಿಲ್ಲ, ಅವಳು ಕೇಳಲಿಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಹೊರಳಿದಳು.

ಮುದುಕವ್ವ ಬೊಚ್ಚು ಬಾಯಿ ಬಿಟ್ಟು ನೋಡಿದಳು. “ಲೇ ಸೊಣ್ಣಿ, ಇವ್ಳು ಸುಮ್ನೆ ಬಂದೋಳಲ್ಲ ಕಣೆ. ಮುಯ್ಯಾಳು ಬಂದಂಗೆ ಬಂದವ್ಳೆ.”

“ಏನಂದರು?” ಎಂದು ನೆನಿತಾ ಕೇಳಿದಳು.

ನಾನು ಹೇಳಿದೆ. ಇವತ್ತು ನನ್ನ ಹೊಲಕ್ಕೆ ನೀನು ಬರುವುದು, ನಾಳೆ ನಿನ್ನ ಹೊಲಕ್ಕೆ ನಾನು ಬರುವುದು. ಕೂಲಿಯಿಲ್ಲ. ಹಾಗೆ ಬಂದವಳು ಮುಯ್ಯಾಳು.

“ನಮ್ಮಲ್ಲೂ ಇದೆ,” ಎಂದಳು. “ನಾವು ದಗ್ಯಾವ್ ಅನ್ನುತ್ತೇವೆ.”

ಅಷ್ಟರಲ್ಲಿ ಅವಳ ಕುಡುಗೋಲು ನಿಂತಿತು. ಆ ಸಾಲಿನ ತುದಿಯ ಎಲೆಗಳ ಮೇಲೆ ಕೆಂಪು ಹನಿಗಳಿದ್ದವು. ಎಲೆಯೊಂದನ್ನು ಕಿತ್ತು ಬೆರಳಿನಿಂದ ಉಜ್ಜಿ ನೋಡಿದಳು. ಅವ್ವನ ಕೈ ನೋಡಿದಳು. ಅವ್ವನ ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿನ ಜೊತೆ ಒಣಗಿದ ರಕ್ತವಿತ್ತು. ನೆನಿತಾ ಮತ್ತೆ ಕೊಯ್ಯಲು ಶುರುಮಾಡಿ, ತಲೆಯೆತ್ತದೆ ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿದಳು.

“ಇವರಿಗೆ ಹೇಳು. ನಮ್ಮ ಊರಿನ ಸಂಘದ ಅಧ್ಯಕ್ಷನೂ ನಮ್ಮ ಜಮೀನ್ದಾರನೇ ಆಗಿದ್ದ.”

ನಾನು ಸುತ್ತ ನೋಡಿದೆ. ಲಕ್ಷ್ಮಣಪ್ಪ ದೂರದಲ್ಲಿದ್ದ. ಪ್ರಸನ್ನನಿಗೆ ಮೋಟಾರಿನ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಅಪ್ಪನ ಬಾಯಿ ಮುಚ್ಚಲು ಹಾಕಿದ್ದ ಸದ್ದು ನಮ್ಮ ಮಾತನ್ನೂ ಮುಚ್ಚಿತ್ತು. ಅವ್ವನಿಗೆ ಹೇಳಿದೆ.

“ನನ್ನ ಗಂಡ ಅವನ ಮೇಲೆ ಕೇಸು ಹಾಕಿದ್ದ. ಒಂದು ಬೆಳಿಗ್ಗೆ ಎಳೆದುಕೊಂಡು ಹೋದರು. ನೀನು ಸುಮ್ಮನಿದ್ದರೆ ಬಿಡುತ್ತೇವೆ ಅಂದರು.”

ಹೇಳಿದೆ.

“ನಾನು ಸುಮ್ಮನಿದ್ದೆ. ಪೊಲೀಸರು ಬಂದು ಕೇಳಿದರು, ಸುಮ್ಮನಿದ್ದೆ. ಪಾದ್ರಿ ಕೇಳಿದ, ಸುಮ್ಮನಿದ್ದೆ. ಮೂರನೆಯ ದಿನ ಕಬ್ಬಿನ ಗದ್ದೆಯಲ್ಲಿ ಸಿಕ್ಕ. ಕಬ್ಬು ಕಡಿಯುವ ಕತ್ತಿಯಲ್ಲೇ ಕಡಿದಿದ್ದರು. ನಾನು ಸುಮ್ಮನಿದ್ದ ಮೊದಲ ದಿನ ಅವನು ಬದುಕಿದ್ದ ಅಂತ ಡಾಕ್ಟರು ಹೇಳಿದರು.”

ಈ ಕೊನೆಯ ಮಾತನ್ನು ನಾನು ಕನ್ನಡಕ್ಕೆ ತರಲಿಲ್ಲ. ಬಾಯಿ ಬರಲಿಲ್ಲ. ಇಂಗ್ಲಿಷು ಗೊತ್ತಿಲ್ಲದ ಅವ್ವ ನನ್ನ ಮುಖವನ್ನೇ ನೋಡಿದಳು. “ಯೋಳು,” ಎಂದಳು. ನಾನು ಹೇಳಿದೆ.

ಅವ್ವ ಕೈಯಲ್ಲಿದ್ದ ಕಟ್ಟನ್ನು ಬಿಗಿದು ಗಂಟು ಹಾಕಿ ಪಕ್ಕಕ್ಕಿಟ್ಟಳು.

*

ಹನ್ನೊಂದಕ್ಕೆ ಎಲ್ಲರೂ ಬೋರ್ಡಿನ ಕೆಳಗೆ ಸೇರಿದರು. ಅತಿಥಿಗಳದ್ದೊಂದು ಪದ್ಧತಿಯಿತ್ತು. ಹೋದ ಕಡೆಯೆಲ್ಲ ಆ ನೆಲದ ಯಜಮಾನನ ಕೈಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು. ಲಕ್ಷ್ಮಣಪ್ಪ ಹೊಸಕೋಟೆಯ ಕೆಮ್ಮಣ್ಣು ತುಂಬಿದ ಹಿತ್ತಾಳೆ ತಟ್ಟೆ ಹಿಡಿದು ನಿಂತ. ಸೌಮ್ಯಾ ಮೇಡಂ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು.

ನೆನಿತಾ ಪಾತಿಯಿಂದ ಎದ್ದು ಬಂದಳು. ಅಂಗಿ ಬೆನ್ನಿಗೆ ಅಂಟಿತ್ತು. ತೋಳಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ನೀರು ಸಿಗುತ್ತದೆಯೇ ಎಂದು ಕೇಳಿದಳು.

ಲಕ್ಷ್ಮಣಪ್ಪ ತಟ್ಟೆಯನ್ನು ಪಕ್ಕದವನ ಕೈಗೆ ಕೊಟ್ಟು, ನೀರಿನ ಬಾಟಲಿಯ ಮುಚ್ಚಳ ತಿರುವಿ ತಾನೇ ಮುಂದೆ ಚಾಚಿದ. “ತಗಳಿ ತಾಯಿ. ನಮ್ ಹೊಲ್ದಾಗೆ ದುಡ್ದಿದೀರ.”

“ತಡೀರಿ ಯಜಮಾನ್ರೆ,” ಎಂದಳು ಅವ್ವ.

ಬೆಳಗಿನಿಂದ ಲಕ್ಷ್ಮಣಪ್ಪನ ಎದುರು ಅದೇ ಅವಳ ಮೊದಲ ಮಾತು. ಜೋರಾಗಿರಲಿಲ್ಲ.

“ಏನಮ್ಮಿ?”

“ಅವ್ಳು ಮುಯ್ಯಾಳು. ಎರ್ಡ್ ಸಾಲು ಕೊಯ್ದವ್ಳೆ. ಮುಯ್ಯಾಳ್ಗೆ ನೀರ್ ಕೊಡೋರು ಯಾರು?”

ಒಕ್ಕೂಟದ ಹಿರಿಯರ ಗುಸುಗುಸು ನಿಂತಿತು. ಅವರೆಲ್ಲ ಇದೇ ಸೀಮೆಯಲ್ಲಿ ಹುಟ್ಟಿದವರು. ರಾಗಿ ನಾಟಿ, ಕೊಯ್ಲು, ಒಕ್ಕಣೆಗಳಲ್ಲಿ ಮುಯ್ಯಿಗೆ ಹೋಗಿ ಬೆಳೆದವರು. ಮುಯ್ಯಾಳಿಗೆ ನೀರು ಕೊಡುವುದು ಹೊಲದವರೇ. ಬೇರೆಯವರು ಕೊಡುವುದಿಲ್ಲ, ಕೊಟ್ಟರೂ ಮುಯ್ಯಾಳು ಕುಡಿಯುವುದಿಲ್ಲ. ಗಡಿಜಗಳದ ಪಂಚಾಯಿತಿಗಳಲ್ಲಿ ಹಿಂದೆ ಕೇಳುತ್ತಿದ್ದುದೇ ಇದು: ಹೋದ ಸುಗ್ಗಿಯಲ್ಲಿ ಆ ಹೊಲದಲ್ಲಿ ನಿನಗೆ ನೀರು ಕೊಟ್ಟವರು ಯಾರಪ್ಪ? ಲಕ್ಷ್ಮಣಪ್ಪನಿಗೂ ಅದು ಗೊತ್ತಿತ್ತು. ಫೋಟೊದ ಆಸೆಯಲ್ಲಿ ಅವಳ ಕೈಗೆ ಕುಡುಗೋಲು ಕೊಡಿಸುವಾಗ ಮರೆತಿದ್ದ.

“ಹೊಲ್ದೋರು ಕೊಡ್ಬೇಕು,” ಎಂದ ಗುಂಪಿನಲ್ಲಿದ್ದ ಒಬ್ಬ ಮುದುಕ, ತನ್ನಷ್ಟಕ್ಕೆ ಹೇಳಿಕೊಂಡಂತೆ.

“ಅಂಗಾರೆ ನಾನ್ ಕೊಡ್ಬೇಕು,” ಎಂದಳು ಅವ್ವ. “ನೀರಗಂಟಿ ಮನೆ ಸೊಸೆ ನಾನು. ನೀನ್ ಯಾವನಯ್ಯ ಇಲ್ಲಿ ನೀರ್ ಕೊಡಕ್ಕೆ?”

“ಬಾಯ್ ಮುಚ್ಚೆ, ಲೌಡಿ.” ಲಕ್ಷ್ಮಣಪ್ಪ ನಗುತ್ತಲೇ, ಹಲ್ಲು ಕಚ್ಚಿಕೊಂಡು ಹೇಳಿದ. ಆಮೇಲೆ ನನಗೆ, “ಬಿಸ್ಲಿಗೆ ತಲೆ ಕೆಟ್ಟದೆ ಅನ್ನು. ಬಿಸ್ಲಿಗೆ ಅನ್ನು!”

ಎಲ್ಲರೂ ನನ್ನನ್ನು ನೋಡಿದರು. ನಾನು ಹುಟ್ಟಿನಿಂದ ಕಡಿಮೆ ಮಾತಿನವಳು. ತರಗತಿಯಲ್ಲಿ, ಹಿಂದೆ ಕೆಲಸಕ್ಕಿದ್ದ ಕಂಪನಿಯಲ್ಲಿ, ಎಲ್ಲ ಕಡೆ ಮಾತು ಗಂಟಲಿಗೆ ಬಂದು ವಾಪಸು ಹೋಗುವುದನ್ನು ರೂಢಿ ಮಾಡಿಕೊಂಡವಳು. ಅದನ್ನು ಗಾಂಭೀರ್ಯ ಎಂದುಕೊಂಡಿದ್ದೆ. ಆ ಹೊತ್ತು ಗಂಟಲಿನಲ್ಲಿದ್ದದ್ದು ಶಾಲಿನ ಗಂಟು. ಬಿಚ್ಚಿದೆ.

“ಇದು ನಮ್ಮ ಹೊಲ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. “ನೀರು ನನ್ನ ಅವ್ವ ಕೊಡುತ್ತಾಳೆ. ಮಡಕೆ ಮೋಟಾರ್ ಮನೆಯಲ್ಲಿದೆ. ನನ್ನ ಅಪ್ಪನೂ ಅಲ್ಲೇ ಇದ್ದಾನೆ.”

ಅವ್ವ ಆಗಲೇ ಬದುವಿನ ಮೇಲೆ ನಡೆಯುತ್ತಿದ್ದಳು.

ಪ್ರಸನ್ನ ಸಿಗರೇಟು ಎಸೆದು ಕಾವು ಎತ್ತಿಕೊಂಡ. ಅವ್ವ ನಿಲ್ಲಲಿಲ್ಲ. ಅವನು ಹೊಡೆದ ಮೊದಲ ಏಟು ಅವಳ ಹಣೆಯನ್ನು ಸೀಳಿತು. ಅವಳು ಮಂಡಿಯೂರಿದಳು, ಎದ್ದಳು, ಮತ್ತೆ ನಡೆದಳು. ಎರಡನೆಯ ಏಟಿಗೆ ಕಾವು ಮೇಲೆತ್ತಿದಾಗ ಮುದುಕವ್ವ ಹಿಂದಿನಿಂದ ಕುಡುಗೋಲನ್ನು ಅವನ ಪಾದದ ಹಿಮ್ಮಡಿಗೆ ಕೊಕ್ಕೆ ಹಾಕಿ ಎಳೆದಳು. ಬದುಕಿನುದ್ದಕ್ಕೂ ಒಡೆಯರ ಮುಂದೆ ಬುದ್ಧೀ, ಬುದ್ಧೀ ಎಂದು ಬಾಗಿದ ಮುದುಕಿ. ಪ್ರಸನ್ನ ಕೂಗಿ ಕಪ್ಪು ನೀರಿನ ಕಾಲುವೆಗೆ ಕುಸಿದ.

“ಅಯ್ಯೋ, ನನ್ ಕಾಲು! ಅಪ್ಪಾ, ಈ ಸೂಳೆಮುಂಡೆ ನನ್ ಕಾಲು...”

ನಾನು ಓಡಿದೆ. ಬಾಗಿಲಿಗಲ್ಲ, ಕರೆಂಟು ಕಂಬಕ್ಕೆ. ಕಂಬದ ಪೆಟ್ಟಿಗೆಯ ಫ್ಯೂಸು ಹಿಡಿದು ಕಿತ್ತೆ.

ಮೋಟಾರು ನಿಂತಿತು.

ಮೂರು ಗಂಟೆಯಿಂದ ಕಿವಿ ತುಂಬಿದ್ದ ಸದ್ದು ನಿಂತಾಗ ಕೆರೆಯ ಮೇಲಿನ ಹದ್ದಿನ ಕೂಗು ಕೂಡ ಕೇಳಿಸಿತು. ಆಮೇಲೆ ಬಾಗಿಲಿನ ಒಳಗಿನಿಂದ ಅಪ್ಪನ ದನಿ. ಅವನು ಯಾವಾಗಿನಿಂದ ಅದನ್ನೇ ಹೇಳುತ್ತಿದ್ದನೋ. ಹಲ್ಲು ಮುರಿದ ಬಾಯಿಯಲ್ಲಿ, ಒಂದೇ ಸಮನೆ.

“ಸೊಣ್ಣಿ, ನೀರು. ಸೊಣ್ಣಿ, ನೀರು.”

ಐದು ಜನ ಅತಿಥಿಗಳೂ ಕೇಳಿದರು. ಒಕ್ಕೂಟದವರು ಕೇಳಿದರು. ಸೌಮ್ಯಾ ಮೇಡಂ ಮೊಬೈಲು ಹಿಡಿದಿದ್ದ ಕೈ ಕೆಳಗಿಳಿಸಿದರು. “ಕುಡಿದು ಬಿದ್ದಾನ ಅಂದ್ರಲ್ರಿ,” ಎಂದರು. ಲಕ್ಷ್ಮಣಪ್ಪ ವ್ಯಾನಿನ ಕಡೆ ಕೈ ತೋರಿಸಿ, “ಗಾಡಿ ಅತ್ತುಸ್ರೋ ಇವ್ರನ್ನ! ಅತ್ತುಸ್ರೋ!” ಎಂದು ಕೂಗಿದ. ಅವನ ಕಡೆಯ ಇಬ್ಬರು ಹುಡುಗರು ಅತಿಥಿಗಳ ತೋಳು ಹಿಡಿದು ವ್ಯಾನಿನತ್ತ ಎಳೆದರು.

ಮಂಜುಶ್ರೀ ಕಲ್ಲು ತಂದು ಬೀಗ ಜಜ್ಜಿದಳು. ಬೀಗ ಬಿಡಲಿಲ್ಲ, ಹಳೆಯ ಬಾಗಿಲಿನ ತಿರುಗಣಿಯೇ ಕಿತ್ತು ಬಂತು. ಅಪ್ಪ ಪಂಪಿಗೆ ಒರಗಿ ಕೂತಿದ್ದ. ಮಡಕೆ ಅವನಿಂದ ಒಂದು ಮೊಳ ದೂರದಲ್ಲಿತ್ತು. ಎರಡೂ ಕೈ ಮುರಿದವನಿಗೆ ಒಂದು ಮೊಳ.

“ಹೊಲಕ್ಕೆ ಮುಯ್ಯಾಳು ಬಂದವ್ಳೆ,” ಎನ್ನುತ್ತ ಅವ್ವ ಮಡಕೆ ಎತ್ತಿಕೊಂಡು ಹೊರಗೆ ಬಂದಳು. ಲಕ್ಷ್ಮಣಪ್ಪ ಅಡ್ಡ ನಿಂತು ಅದನ್ನು ಒದ್ದ. ಮಡಕೆ ಅವಳ ಎದೆಗೆ ಅಪ್ಪಳಿಸಿ ಒಡೆಯಿತು. ನೀರು ಸೀರೆಯ ಮೇಲೆ, ನೆಲದ ಮೇಲೆ ಸುರಿದು ಕೆಮ್ಮಣ್ಣನ್ನು ತೊಳೆದು ಕೆಳಗಿನ ಕಪ್ಪನ್ನು ತೋರಿಸಿತು. ಅವಳ ಕೈಯಲ್ಲಿ ಮಡಕೆಯ ತಳದ ಚೂರೊಂದು ಉಳಿಯಿತು. ಅದರಲ್ಲಿ ಎರಡು ಗುಟುಕು ನೀರು. ಹಣೆಯ ರಕ್ತ ತೊಟ್ಟಿಕ್ಕದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅದನ್ನು ಹಿಡಿದು ಗಂಡನ ಹತ್ತಿರ ಬಗ್ಗಿದಳು.

ಅಪ್ಪ ತುಟಿ ಮುಚ್ಚಿಕೊಂಡ. ಕಣ್ಣಿನಲ್ಲೇ ಹೊರಗೆ ತೋರಿಸಿದ. “ಮುಯ್ಯಾಳು ಅಂದ್ಯಲ್ಲ. ಕೇಳುಸ್ತು. ಮೊದ್ಲು ಅವ್ಳಿಗೆ.”

ತೋಳು ಹಿಡಿದ ಹುಡುಗನನ್ನು ಕೊಡವಿ ನೆನಿತಾ ಬದುವಿನ ಮೇಲೆ ಬಂದಿದ್ದಳು. ಎರಡೂ ಕೈಯಲ್ಲಿ ಚೂರು ಇಸಿದುಕೊಂಡು ಒಂದು ಗುಟುಕು ಕುಡಿದಳು. ಒಂದು ಗುಟುಕು ಉಳಿಸಿದಳು. ಊರಿನ ಹಿರಿಯರು ನೋಡಿದರು. ಒಬ್ಬ ತಲೆಯಿಂದ ಹಸಿರು ಶಾಲು ತೆಗೆದು ಮಡಚಿ ಕಂಕುಳಲ್ಲಿಟ್ಟುಕೊಂಡ, ಬೈಕು ಹತ್ತಿ ಹೊರಟುಹೋದ. ಉಳಿದವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಉಳಿದ ಗುಟುಕನ್ನು ಅವ್ವ ಅಪ್ಪನ ಬಾಯಿಗೆ ಹಾಕಿದಳು. ಅರ್ಧ ನೀರು, ಅರ್ಧ ರಕ್ತ, ತುಟಿಯ ತುದಿಯಿಂದ ಹರಿಯಿತು.

*

ಲಕ್ಷ್ಮಣಪ್ಪ ಫೋನಿನಲ್ಲಿದ್ದ. ಕಾಲೋನಿಯವರು ಮಗನ ಕಾಲು ಕಡಿದರು, ಜೀಪು ಕಳಿಸಿ ಎನ್ನುತ್ತಿದ್ದ. ಪ್ರಸನ್ನನನ್ನು ಇಬ್ಬರು ಎತ್ತಿಕೊಂಡು ಕಾರಿಗೆ ಹಾಕಿದರು. ಕಾರು ಹೊರಡುವ ಮೊದಲು ಲಕ್ಷ್ಮಣಪ್ಪ ರಸ್ತೆಯಂಚಿಗೆ ಹೋಗಿ ರುದ್ರೇಶನ ಕಾಲಿಗೆ ಬಡಿದ.

“ಏಳೋ ಲೇ. ಸ್ಟಾರ್ಟ್ ಮಾಡು. ಸೊಪ್ಪು ಗಿಪ್ಪು ನೋಡ್ಬೇಡ, ಜನ ಗಿನ ನೋಡ್ಬೇಡ. ಎಲ್ಲಾ ಸಮ ಮಾಡು.”

ಸೌಮ್ಯಾ ಮೇಡಂ ನನ್ನ ಹತ್ತಿರ ಬಂದರು. ಮುಖ ಬಿಳಿಚಿತ್ತು. “ಆಂಬುಲೆನ್ಸ್ ಕರ್ದೀನಿ. ನಿಮ್ಮಪ್ಪಾರನ್ನ ರಸ್ತೆಗೆ ಕರ್ಕೊಂಡು ಬರ್ರಿ ಬೇಗ. ಪ್ಲೀಸ್.”

ಕಿತ್ತು ಬಂದ ಬಾಗಿಲಿನ ಮೇಲೆ ಅಪ್ಪನನ್ನು ಮಲಗಿಸಿ ನಾಲ್ಕು ಜನ ಎತ್ತಿದೆವು. ಒಂದು ಮೂಲೆಯನ್ನು ನೆನಿತಾ ಹಿಡಿದಳು. ಹೊಲದಿಂದ ರಸ್ತೆಗೆ ಇರುವುದು ಬದುವಿನಲ್ಲಿರುವ ಒಂದೇ ಕಂಡಿ. ಗಾಡಿ ಒಳಗೆ ಬರಬೇಕಾದರೂ ಅದೇ. ಅಲ್ಲಿಗೆ ಬಂದಾಗ ಅಪ್ಪ, “ಇಳ್ಸಿ,” ಎಂದ.

“ಆಸ್ಪತ್ರೆಗೋಗನ ಕಣಪ್ಪ,” ಎಂದೆ.

“ಓಗನ. ಆಮ್ಯಾಕೆ. ಇಲ್ಲಿಳ್ಸಿ.”

ಅವ್ವನೇ ಮೊದಲು ತನ್ನ ಮೂಲೆಯನ್ನು ಕೆಳಗಿಟ್ಟಳು. ಬಾಗಿಲು ಕಂಡಿಗೆ ಅಡ್ಡಲಾಗಿ ಕೂತಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ಅವ್ವ ಸೆರಗು ಹರಿದು ಹಣೆಗೆ ಕಟ್ಟಿಕೊಂಡು, ಪಾತಿಗೆ ಹೋಗಿ ಬಿಟ್ಟಿದ್ದ ಸಾಲಿನಲ್ಲೇ ಕೂತಳು. ಮುದುಕವ್ವ ಕೂತಳು. ಮಂಜುಶ್ರೀ ಕೂತಳು. ವ್ಯಾನಿನೊಳಗಿನಿಂದ ಯಾರೋ ನೆನಿತಾಳ ಹೆಸರು ಕೂಗುತ್ತಿದ್ದರು. ಅವಳು ಅವ್ವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕುಡುಗೋಲು ಎತ್ತಿಕೊಂಡಳು.

“ನಿನ್ ಊರ್ಗೆ ನಾನ್ ಬಂದು ತೀರಿಸ್ಬೇಕಲ್ಲವ್ವ ಇದ್ನೆಲ್ಲ,” ಎಂದಳು ಅವ್ವ ಅವಳಿಗೆ, ಕನ್ನಡದಲ್ಲೇ. “ಕಬ್ಬು ಕಡ್ದು ಗೊತ್ತಿಲ್ಲ ನಂಗೆ. ಯೋಳ್ಕೊಡ್ಬೇಕು ನೀನು.”

ಅದನ್ನು ನಾನು ಅನುವಾದ ಮಾಡಲಿಲ್ಲ. ನೆನಿತಾ ಹೂಂ ಎಂದಳು.

ಜೆಸಿಬಿ ಗುಡುಗುತ್ತ ರಸ್ತೆಯಿಂದ ಇಳಿಯಿತು. ದೂರದಲ್ಲಿ ಸೈರನ್ ಕೇಳಿಸಿತು. ಆಂಬುಲೆನ್ಸಿನದೋ ಪೊಲೀಸಿನದೋ ಗೊತ್ತಾಗುತ್ತಿರಲಿಲ್ಲ. ಬಾಲ್ಕನಿಗಳಲ್ಲಿ ಈಗ ತುಂಬ ಜನ ನಿಂತಿದ್ದರು. ಸೌಮ್ಯಾ ಮೇಡಂ ಮತ್ತೆ ಮೊಬೈಲು ಎತ್ತಿ ಹಿಡಿದಿದ್ದರು, ಎರಡು ಕೈಯಲ್ಲಿ. ರುದ್ರೇಶ ಗಾಜಿನ ಹಿಂದೆ ಕೂತು ನಮ್ಮನ್ನು ನೋಡಲಿಲ್ಲ, ಲಕ್ಷ್ಮಣಪ್ಪನ ಕೈಸನ್ನೆಯನ್ನೇ ನೋಡುತ್ತಿದ್ದ. ಆ ಕೈ ಬಾ, ಬಾ ಎನ್ನುತ್ತಿತ್ತು.

ನಾನು ಬಾಗಿಲಿನ ಪಕ್ಕ, ಅಪ್ಪನ ತಲೆಯ ಹತ್ತಿರ ಕೂತೆ. ಫ್ಯೂಸು ಇನ್ನೂ ಮುಷ್ಟಿಯಲ್ಲಿತ್ತು. ಅಪ್ಪ ಒಂದು ಕಣ್ಣು ತೆರೆದು ಆಚೆ ಬದುವಿನ ಪಾತಿಗಳನ್ನು ನೋಡಿದ.

“ಕೊತ್ಮಿರಿ ಬಾಡ್ತಾ ಅದೆ,” ಎಂದ. “ಯಾರಾನ ಮೋಟ್ರು ಹಾಕ್ರೆ.”

ನಾನು ಏಳಲಿಲ್ಲ. ಜೆಸಿಬಿಯ ಬಕೆಟ್ಟಿನ ನೆರಳು ಬದು ದಾಟಿ ಅಪ್ಪನ ಪಾದದ ಮೇಲೆ ಬಂತು, ಅಲ್ಲಿಂದ ಮಂಡಿಗೆ. ಅಪ್ಪ ಕಾಲು ಮಡಚಿಕೊಳ್ಳಲಿಲ್ಲ. ಮಡಚಲು ಬರುವಂತಿರಲಿಲ್ಲ. ಹಿಂದೆ ಪಾತಿಯಲ್ಲಿ ಕುಡುಗೋಲುಗಳು ಸರಸರ ಎನ್ನುತ್ತಿದ್ದವು. ಅವ್ವ ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಇನ್ನೊಂದು ಕಟ್ಟಿಗೆ ಗಂಟು ಹಾಕಿದಳು.